ಚೆಂಡುಹೂವಿಗೆ ರಂಜಕದ ಅಭಿಷೇಕ

ಮಲ್ಕಾಜ್‌ಗಿರಿಯ ಅಪಾರ್ಟ್‌ಮೆಂಟಿನ ಟೆರೇಸ್ ಮೇಲೆ ನಿಂತು ಅಮೃತಪ್ಪ ಆ ಘೋರ ಪ್ರತಿಜ್ಞೆ ಮಾಡಿದ್ದು ಭಾನುವಾರ ಬೆಳಿಗ್ಗೆ, ಎರಡನೆಯ ಚಹಾ ಮುಗಿದ ಮೇಲೆ.

"ಒಂದು ಹನಿ ವಿಷ ಮುಟ್ಟಂಗಿಲ್ಲ. ನಾಕು ದಿನದಾಗ ಈ ಹುಳಾನೆಲ್ಲಾ ಗಡೀಪಾರು ಮಾಡ್ತೀನಿ, ನೋಡ್ತಿರು."

"ನಾಕು ದಿನ ಎಲ್ಲೈತ್ರಿ? ನಾಡದೇ ಬತುಕಮ್ಮ ಹಬ್ಬ," ಎಂದಳು ಹೆಂಡತಿ ಶಿವದೇವಿ.

"ಹಂಗಾರ ಒಂದೇ ದಿನ ಸಾಕು."

ಶಿವದೇವಿಯ ಚಿಂತೆ ಸಣ್ಣದಲ್ಲ. ಸಿಂಧನೂರಿನಿಂದ ಇಲ್ಲಿಗೆ ಬಂದ ಮೇಲೆ ಐದು ವರ್ಷ ಅವಳು ಬಾಲ್ಕನಿಯಲ್ಲಿ ನಿಂತೇ ಬತುಕಮ್ಮ ನೋಡಿದ್ದಳು. ಕೆಳಗೆ ಹೆಂಗಸರು ಹೂವನ್ನು ಗೋಪುರದ ಹಾಗೆ ಪೇರಿಸಿ, ಸುತ್ತ ಚಪ್ಪಾಳೆ ತಟ್ಟುತ್ತ ಆಡುವಾಗ ಇವಳ ಕೈಗಳೂ ತಮ್ಮಷ್ಟಕ್ಕೆ ತಟ್ಟುತ್ತಿದ್ದವು. ಈ ಸಲ ಮೇಲಿನ ಮನೆಯ ಬಂಡೆಮ್ಮ ತಾವಾಗಿಯೇ ಬಂದು, "ಈ ಸಾರಿ ಬತುಕಮ್ಮ ನೀವೇ ಪೇರಿಸ್ರಿ ಅಮ್ಮಾ, ಚೆಂಡುಹೂವು ನಿಮ್ದೇ ಇರ್ಲಿ" ಎಂದಿದ್ದರು. ಬಂಡೆಮ್ಮ ಗಡಿಯ ನಾರಾಯಣಪೇಟೆಯವರು, ಅವರ ಕನ್ನಡಕ್ಕೂ ತೆಲುಗಿಗೂ ನಡುವೆ ಗೋಡೆಯಿಲ್ಲ. ಅಂದಿನಿಂದ ಹನ್ನೆರಡು ಕುಂಡಗಳಿಗೆ ಶಿವದೇವಿ ಗಂಡನಿಗಿಂತ ಹೆಚ್ಚು ಉಪಚಾರ ಮಾಡಿದ್ದಳು. ಹೂವು ಬಿಡುವ ಹೊತ್ತಿಗೆ ಮೊಗ್ಗಿಗೆಲ್ಲ ಹಸಿರು ಹೇನು ಮುತ್ತಿಕೊಂಡಿತು.

ಅಮೃತಪ್ಪ ಬೇಗಂಪೇಟೆಯ ಒಂದು ಪಾರ್ಸೆಲ್ ಕಂಪನಿಯ ದೂರು ವಿಭಾಗದಲ್ಲಿದ್ದ. ಎಂಥ ದೂರು ಬಂದರೂ 'ಕ್ರಮ ಕೈಗೊಳ್ಳಲಾಗಿದೆ' ಎಂದು ಬರೆದು ಕೈತೊಳೆದುಕೊಳ್ಳುವುದು ಅವನ ಇಪ್ಪತ್ತು ವರ್ಷದ ಸಾಧನೆ. ಹುಳದ ಮದ್ದಿಗಾಗಿ ಹುಡುಕಿದಾಗ ಮೊಬೈಲಿನ ವಿಡಿಯೋ, ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು, ನೆನೆಸಿ, ಸೋಸಿ, ಧಾರಾಳ ನೀರು ಬೆರೆಸಿ, ಮೊದಲು ಒಂದೆಲೆಗೆ ಹಾಕಿ ನೋಡಿ ಎಂದು ಹೇಳಿತು. ಕಾಲು ಕಿಲೋ ಬೆಳ್ಳುಳ್ಳಿ ಸುಲಿಯಬೇಕಿತ್ತು. ಮೂರನೆಯ ಎಸಳಿಗೇ ಉಗುರು ಉರಿಯತೊಡಗಿತು. ಆಗ ಫ್ರಿಜ್ ತೆಗೆದ ಅಮೃತಪ್ಪನಿಗೆ ಜ್ಞಾನೋದಯವಾಯಿತು.

ಒಳಗೆ ಅತ್ತೆ ಕಳಿಸಿದ ರಂಜಕದ ಡಬ್ಬಿ ಇತ್ತು. ಕೆಂಪು ಮೆಣಸಿನಕಾಯಿಯೂ ಬೆಳ್ಳುಳ್ಳಿಯೂ ಉಪ್ಪು, ನಿಂಬೆಹುಳಿಯ ಜೊತೆ ಅರೆದು ಸಿದ್ಧವಾಗಿ ಕೂತಿದ್ದವು. ರೊಟ್ಟಿಯ ಜೊತೆ ಉಗುರಷ್ಟು ತಿಂದರೆ ಗಂಡಸರ ಕಣ್ಣಲ್ಲೂ ನೀರು ಬರಿಸುವ ಪದಾರ್ಥಕ್ಕೆ ಹುಳ ಯಾವ ಲೆಕ್ಕ!

ಅರ್ಧ ಡಬ್ಬಿ ಬಕೆಟ್ಟಿನ ನೀರಿಗೆ ಬಿತ್ತು. ಪಿಚಕಾರಿಯ ಮೂತಿ ಕಟ್ಟಿಕೊಂಡಿತು. ಅದನ್ನು ಬಾಯಿಗಿಟ್ಟು ಊದಿದ ಅಮೃತಪ್ಪ ಮುಂದಿನ ಕಾಲು ಗಂಟೆಯನ್ನು ನಲ್ಲಿಯ ಕೆಳಗೆ ಕಳೆದ. ಆದರೂ ಬಕೆಟ್ಟು ಖಾಲಿಯಾಗುವ ತನಕ ಹೊಡೆದ, ಸಂಜೆಗೆ ಮೊಗ್ಗಿನ ಮೇಲೆ ಒಂದು ಹೇನೂ ಇರಲಿಲ್ಲ.

"ಏನ್ ಹೊಡದ್ರಿ?" ಶಿವದೇವಿ ಕಣ್ಣರಳಿಸಿದಳು.

"ನೈಸರ್ಗಿಕ. ಕ್ರಮ ಕೈಗೊಳ್ಳಲಾಗಿದೆ."

ಹೊಗಳಿಕೆ ತಲೆಗೇರಿತು. ಹಬ್ಬದ ಬೆಳಿಗ್ಗೆ, ಮತ್ತೆ ಹುಳ ಬಂದೀತೆಂದು ಉಳಿದರ್ಧ ಡಬ್ಬಿಯನ್ನೂ ಅರಳಿದ ಹೂವಿನ ಮೇಲೇ ಹೊಡೆದ. ಉಪ್ಪಿಗೆ ಎಲೆಗಳು ಆಗಲೇ ಸುಟ್ಟಂತಾಗಿದ್ದವು. ಆದರೆ ಹೂಗಳು ಭರ್ಜರಿಯಾಗಿದ್ದವು. ಶಿವದೇವಿಗೆ ನೆಗಡಿ ಬೇರೆ, ಮೂಗು ಪೂರ್ತಿ ಕಟ್ಟಿತ್ತು. ಏನೂ ತಿಳಿಯದೆ ಬುಟ್ಟಿ ತುಂಬ ಕಿತ್ತು, ಮೊಳದೆತ್ತರದ ಬತುಕಮ್ಮ ಪೇರಿಸಿದಳು.

ಸಂಜೆ ಅಂಗಳದಲ್ಲಿ ಆಟ ಶುರುವಾಯಿತು. ಎರಡನೆಯ ಸುತ್ತಿಗೆ ಒಬ್ಬಾಕೆ ಸೀನಿದಳು. ಮೂರನೆಯದಕ್ಕೆ ಒಂಬತ್ತು ಜನ. ಆಮೇಲೆ ಒಂದು ಚಪ್ಪಾಳೆಗೆ ಎರಡು ಸೀನು! ಹೂವು ಸರಿಪಡಿಸಿದ ಕೈಯಲ್ಲೇ ಬಂಡೆಮ್ಮ ಕಣ್ಣೊರೆಸಿಕೊಂಡರು, "ಅಯ್ಯಯ್ಯೋ, ಮಂಟ, ಉರಿ ಉರಿ" ಎಂದು ನಲ್ಲಿಗೆ ಓಡಿದರು. ಹಾಡು ನಿಂತಿತು. ಸೀನದೆ ಉಳಿದವಳು ಶಿವದೇವಿ ಒಬ್ಬಳೇ. ಎಲ್ಲರೂ ಅವಳನ್ನೇ ನೋಡಿದರು. ಅವಳ ಕಣ್ಣಲ್ಲೂ ನೀರು ಬಂತು, ಅದು ಮೆಣಸಿನಕಾಯಿಯದಲ್ಲ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೆರೆಯುತ್ತಿದ್ದ ಅಮೃತಪ್ಪ ಅದನ್ನು ನೋಡಿ ಕಾಲ ಮೇಲಿನ ಕಾಲು ಇಳಿಸಿದ. ಎದ್ದು ನಿಂತ.

"ಆಕಿದೇನೂ ತಪ್ಪಿಲ್ರಿ. ಹೂವಿಗೆ ನಾನು ರಂಜಕ ಹೊಡದೀನಿ."

"ಯಾವ ರಂಜಕ?" ಶಿವದೇವಿಯ ದನಿ ತಣ್ಣಗಿತ್ತು.

"ನಿಮ್ಮವ್ವ ಕಳಿಸಿದ್ದು. ಬೆಳ್ಳುಳ್ಳಿ ಸುಲಿಯೂದು ಭಾಳ ತ್ರಾಸ ಆತು."

ಮುಖ ತೊಳೆದು ಬಂದ ಬಂಡೆಮ್ಮ ಒಂದು ಹೂವೆತ್ತಿ ದೂರದಿಂದ ಮೂಸಿದರು. "ಇದು ನಮ್ಮಜ್ಜಿ ಅರೀತಿದ್ದ ರಂಜಕದ ವಾಸ್ನಿ ಅಮ್ಮಾ. ಬಿಸಿ ಅನ್ನ, ತುಪ್ಪ ಇದ್ದಿದ್ರ!" ಎಂದು ನಕ್ಕು ಶಿವದೇವಿಯ ಕೈ ಹಿಡಿದು ವೃತ್ತದೊಳಗೆ ಎಳೆದರು. ಮೂಗಿಗೆ ಸೆರಗು ಕಟ್ಟಿಕೊಂಡು ಆಟ ಮುಂದುವರಿಯಿತು. ಮುಗಿಯುವುದರೊಳಗೆ ಹದಿನಾಲ್ಕು ಮನೆಯವರು ರಂಜಕ ಕೇಳಿದ್ದರು.

"ಯಾಕಾಗವಲ್ದು," ಎಂದಳು ಶಿವದೇವಿ, "ನಮ್ಮ ಮನಿಯವರು ಮಾಡಿ ಕೊಡ್ತಾರ."

ಮುಂದಿನ ಭಾನುವಾರ ಅಮೃತಪ್ಪ ಐದು ಕಿಲೋ ಬೆಳ್ಳುಳ್ಳಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಕೆಳಗಿನಿಂದ ನೀರಿನ ಪೈಪು ಹಿಡಿದು ಬಾಗಿಲ ಮುಂದೆ ಹಾದು ಟೆರೇಸಿಗೆ ಹೊರಟ ಬಂಡೆಮ್ಮನವರನ್ನು ಕೇಳಿದ, "ನಿಮ್ಮ ಹೂವಿಗೆ ಹೇನು ಬರೂದಿಲ್ಲೇನ್ರಿ?"

"ಬರ್ತಾವಲ್ಲ. ದಿನಾ ಜೋರಾಗಿ ನೀರು ಹೊಡಿತೀನಿ, ಉದುರಿ ಹೋಗ್ತಾವ."

ಅಮೃತಪ್ಪ ಪೈಪನ್ನು ನೋಡಿದ, ಬೆಳ್ಳುಳ್ಳಿಯನ್ನು ನೋಡಿದ. ಮೆಲ್ಲಗೆ ಮಂಡಿಯೂರಿ ಏಳಹೊರಟ.

"ಕುಂದರ್ರಿ," ಅಡುಗೆಮನೆಯಿಂದ ಶಿವದೇವಿ ಇನ್ನೊಂದು ಚೀಲ ತಂದಿಟ್ಟಳು. "ಇನ್ನೂ ಕ್ರಮ ಕೈಗೊಂಡಿಲ್ಲ."