ಪೆಟಾಲಿಂಗ್ ಜಯಾದಲ್ಲಿ ಚಳಿ ಕಾಯಿಸಿದ್ದು

ನನ್ನ ನೆನಪನ್ನು ನಾನು ಪಕ್ಕದ ಮನೆಯವರ ವೈಫೈಯಷ್ಟೇ ನಂಬುತ್ತೇನೆ. ಸಿಕ್ಕರೆ ಬಳಸುತ್ತೇನೆ, ಜವಾಬ್ದಾರಿ ನನ್ನದಲ್ಲ. ಆದರೂ ಒಂದು ನೆನಪನ್ನು ನಂಬಿ ಎಂಬತ್ತು ಕಿಲೋ ಬೀಡು ಕಬ್ಬಿಣ ಮನೆಗೆ ತಂದೆ. ಮೈಸೂರಿನ ನಮ್ಮ ಮನೆಯಲ್ಲಿ, ಚಿಕ್ಕಂದಿನಲ್ಲಿ, ದುಂಡು ಹೊಟ್ಟೆಯ ಕರೀ ಒಲೆಯೊಂದರ ಮುಂದೆ ಕೂತು ನಾನು ಚಳಿ ಕಾಯಿಸುತ್ತಿದ್ದೆ ಎಂಬುದೇ ಆ ನೆನಪು. ಮಲೇಷ್ಯಾದ ತಂಪು ಕ್ಯಾಮರನ್ ಬೆಟ್ಟದಲ್ಲಿ ಹಳೇ ಬಂಗಲೆಯೊಂದನ್ನು ಕೆಡವುತ್ತಿದ್ದ ಜಾಗದಲ್ಲಿ ಅಂಥದೇ ಒಲೆ ಬಿದ್ದಿತ್ತು. ಅನಾಥವಾಗಿ ಮಳೆಯಲ್ಲಿ ನೆನೆಯುತ್ತಿತ್ತು ಎಂದು ಎಲ್ಲರಿಗೂ ಹೇಳಿದ್ದೇನೆ. ನೆನೆಯುತ್ತಿದ್ದವನು ನಾನೇ ಇರಬಹುದು.

ನಾವಿರುವುದು ಅದೇ ದೇಶದ ಸೆಖೆಯೂರು ಪೆಟಾಲಿಂಗ್ ಜಯಾದ ಸಾಲುಮನೆಯಲ್ಲಿ. ಇಲ್ಲಿ ಡಿಸೆಂಬರಿನಲ್ಲೂ ಬೆಳಗಿನ ಕಾಫಿ ಕುಡಿದ ಮೇಲೆ ಅಂಗಿ ಬದಲಿಸಬೇಕು. ಮಗಳು ಅನಘಾ ಒಲೆಗೆ ಒಂದು ಸುತ್ತು ಬಂದು, "ಅಪ್ಪಾ, ವಿ ಲಿವ್ ಆನ್ ದಿ ಈಕ್ವೇಟರ್ ಲಾ," ಎಂದು ಇಲ್ಲಿಯವರ ಇಂಗ್ಲಿಷಿನಲ್ಲಿ ಹೇಳಿದಳು. ಹೆಂಡತಿ ಸುಮಾ ಭೂಗೋಳಕ್ಕೆ ಕೈ ಹಾಕಲಿಲ್ಲ. ಹಳೇ ಪೇಪರು, ಹಳೇ ಕಬ್ಬಿಣ ಎಂದು ಮೈಕಿನಲ್ಲಿ ಕೂಗುತ್ತಾ ಪ್ರತಿ ಶನಿವಾರ ನಮ್ಮ ಬೀದಿಗೆ ಒಂದು ಲಾರಿ ಬರುತ್ತದೆ. "ಒಂದು ತಿಂಗಳು ಟೈಮ್. ಇದ್ರಿಂದ ಮನೆಗೆ ಒಂದಾದ್ರೂ ಉಪಯೋಗ ಆಗ್ಬೇಕು. ಇಲ್ಲಾಂದ್ರೆ ಲಾರಿ," ಎಂದಳು.

ನಾಲ್ಕು ಭಾನುವಾರ ವೈರ್ ಬ್ರಷ್ಷಿನಲ್ಲಿ ತಿಕ್ಕಿದೆ. ತುಕ್ಕು ಒಲೆಯನ್ನು ಬಿಟ್ಟು ನನ್ನ ಮೂಗು, ಬನಿಯನ್ನು, ಕೊನೆಗೆ ಇಡ್ಲಿ ತಟ್ಟೆಗಳಲ್ಲಿ ಬಿಡಾರ ಹೂಡಿತು. ಬಿರುಕಿಗೆ ಬೆಂಕಿ ತಡೆಯುವ ಸಿಮೆಂಟು ಮೆತ್ತಿದೆ, ಮೈಗೆಲ್ಲ ಕರೀ ಪಾಲಿಶ್ ಹಚ್ಚಿದೆ, ಹೊಗೆ ಕೊಳವೆಯನ್ನು ಕಿಟಕಿಯಿಂದ ಹೊರಕ್ಕೆ ತೂರಿಸಿದೆ. ಪಕ್ಕದ ಮನೆಯ ನಿವೃತ್ತ ಮುರುಗನ್ ಗೋಡೆಯಾಚೆಯಿಂದ, ಇದು ಯಾತಕ್ಕೆ ಎಂದು ಕೇಳಿದರು. ಮನೆ ಬೆಚ್ಚಗಿಡಲು ಎಂದೆ. ಅವರು ಒಮ್ಮೆ ಸೂರ್ಯನನ್ನು ನೋಡಿದರು, ಒಮ್ಮೆ ನನ್ನನ್ನು. ಅಂದಿನಿಂದ ನನ್ನೊಡನೆ ಮೆಲುದನಿಯಲ್ಲಿ ಮಾತಾಡತೊಡಗಿದರು.

ಗಡುವಿನ ಕೊನೆಯ ಶುಕ್ರವಾರ ಪರೀಕ್ಷೆ. ಬೆಚ್ಚಗಾಗಬೇಕಾದರೆ ಮೊದಲು ಚಳಿ ಬೇಕಲ್ಲ? ಬೆಳಗಿನಿಂದ ಏಸಿಯನ್ನು ಹದಿನಾರಕ್ಕೆ ಇಟ್ಟೆ. ಊಟಿಗೆಂದು ಕೊಂಡಿದ್ದ ಸ್ವೆಟರು ತೊಟ್ಟು ತಾಯಿ ಮಗಳು ಸೋಫಾದಲ್ಲಿ ಸಾಕ್ಷಿಗಳಂತೆ ಕೂತರು. ಕಷ್ಟಪಟ್ಟು ಸಂಪಾದಿಸಿದ ಚಳಿ ಸೋರಿಹೋಗಬಾರದೆಂದು ಕೊಳವೆಯ ಸುತ್ತಲಿನ ಸಂದಿಗೂ ಬಟ್ಟೆ ತುರುಕಿ, ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ ಒಲೆ ಹಚ್ಚಿದೆ. ಹೊಸ ಪಾಲಿಶ್ ಮೊದಲ ಬೆಂಕಿಗೆ ಹೊಗೆ ಕಾರುತ್ತದೆ, ಆ ಬೆಂಕಿಯನ್ನು ಬಯಲಲ್ಲೇ ಹಾಕಬೇಕು ಎಂದು ಡಬ್ಬಿಯ ಮೇಲೆ ಬರೆದಿತ್ತಂತೆ. ಹತ್ತೇ ನಿಮಿಷದಲ್ಲಿ ನಾವು ಮೂವರೂ ಬೀದಿಯ ಉರಿಬಿಸಿಲಲ್ಲಿ ಸ್ವೆಟರು ತೊಟ್ಟು ಕೆಮ್ಮುತ್ತಾ ನಿಂತಿದ್ದೆವು. ಮನೆಗೆ ಬೆಂಕಿ ಬಿತ್ತೆಂದು ಓಡಿಬಂದ ಮುರುಗನ್ ಗಿಡಕ್ಕೆ ನೀರು ಬಿಡುವ ಪೈಪಿನಿಂದ ನಮ್ಮನ್ನೇ ಆರಿಸಿದರು.

ಒದ್ದೆ ಸ್ವೆಟರಿನಲ್ಲೇ ಮೈಸೂರಿನ ವಿಮಲಕ್ಕನಿಗೆ ಫೋನು ಮಾಡಿದೆ. ನಮ್ಮ ಮನೆಯ ಆ ಒಲೆಗೆ ಹೊಗೆ ಹೇಗೆ ಹೋಗುತ್ತಿತ್ತು ಎಂದು ಕೇಳಬೇಕಿತ್ತು. ಕೈ ಒದ್ದೆಯಾಗಿದ್ದರಿಂದ ಸ್ಪೀಕರ್ ಹಾಕಿದ್ದೆ. ತಪ್ಪಾಯಿತು.

"ಅದು ಬಚ್ಚಲೊಲೆ ಕಣೋ," ಎಂದಳು ಅಕ್ಕ. "ಎಣ್ಣೆ ಸ್ನಾನಕ್ಕೆ ನಿನ್ನ ಹಿಡಿದು ತಂದು ಅದ್ರ ಮುಂದೆ ಕೂರಿಸ್ತಿದ್ವಿ. ಚಳಿಗಲ್ಲ ನೀನು ನಡುಗ್ತಿದ್ದಿದ್ದು, ಹರಳೆಣ್ಣೆಗೆ."

ಸುಮಾಳ ಮುಖದಲ್ಲಿ ಒಂದು ತಿಂಗಳಲ್ಲಿ ಮೊದಲ ಬಾರಿಗೆ ಒಲೆಯ ಬಗ್ಗೆ ಗೌರವ ಮೂಡಿತು. ಮರುದಿನ ಲಾರಿ ಬಂದಾಗ ಹಿಂದಕ್ಕೆ ಕಳಿಸಿದ್ದು ಅವಳೇ.

ಈಗ ಒಲೆ ಹಿತ್ತಲಲ್ಲಿದೆ, ಅದರ ತಲೆಯ ಮೇಲೆ ದೊಡ್ಡ ಪಾತ್ರೆ. ದೀಪಾವಳಿಗೆ ನೀರು ತುಂಬುವ ದಿನ ತಾಯಿ ಮಗಳು ಒಲೆಯ ಹೊಟ್ಟೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು ಚೆಂಡುಹೂ ಮುಡಿಸಿದರು. ನನ್ನ ನಾಲ್ಕು ಭಾನುವಾರದ ಪಾಲಿಶ್ ಕಾಣದಾಯಿತು. ಹಬ್ಬ ಮುಗಿದರೂ ಸ್ನಾನ ನಿಲ್ಲಲಿಲ್ಲ. ಇಷ್ಟು ಕಷ್ಟಪಟ್ಟು ರಿಪೇರಿ ಮಾಡಿದ್ದನ್ನು ವರ್ಷಕ್ಕೊಮ್ಮೆ ಹಚ್ಚಿದರೆ ಹೇಗೆ ಎನ್ನುತ್ತಾಳೆ ಸುಮಾ. ಪ್ರತಿ ಶನಿವಾರ ಬೆಳಿಗ್ಗೆ ನನ್ನ ನೆತ್ತಿಗೆ ಹರಳೆಣ್ಣೆ ಬೀಳುತ್ತದೆ. ಅಷ್ಟರಲ್ಲಿ ಮೈಕು ಕೇಳಿಸುತ್ತದೆ. ಒಲೆಯನ್ನು ಒಯ್ಯಲಿ ಎಂದು ಎಣ್ಣೆ ಸುರಿಸುತ್ತಾ ಗೇಟಿಗೆ ಓಡಿ ಲಾರಿ ನಿಲ್ಲಿಸುವವನು ಈಗ ನಾನು. ಲಾರಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಾಗಿಲಲ್ಲಿ ನಿಂತ ಸುಮಾಳನ್ನು ನೋಡುತ್ತಾನೆ. ಅವಳು ಬೇಡವೆಂದು ಕೈಯಾಡಿಸುತ್ತಾಳೆ. ಹಳೇ ಪೇಪರು ಮಾತ್ರ ಎತ್ತಿಕೊಂಡು ಹೊರಟುಹೋಗುತ್ತಾನೆ, ಒಲೆಯನ್ನೂ ನನ್ನನ್ನೂ ಇಲ್ಲೇ ಬಿಟ್ಟು.