ಏಣಿ ಗಂಡಸರದ್ದು

ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ರೈಟರ್. ರೈಟರ್ ಎಂದರೆ ಕಥೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಕಥೆಗಳು ತಾವಾಗಿಯೇ ನಡೆಯುತ್ತವೆ, ಅದರಲ್ಲೂ ಮೆಣಸು ಕೊಯ್ಲಿನ ಕಾಲದಲ್ಲಿ.

ಹೆಂಗಸರು ಏಣಿ ಹತ್ತಬಾರದು ಎಂಬ ನಿಯಮ ನಮ್ಮ ತೋಟದಲ್ಲಿ ಇಲ್ಲ. ಯಾರೂ ಮಾಡದ ನಿಯಮವಾದ್ದರಿಂದ ಅದನ್ನು ರದ್ದು ಮಾಡುವವರೂ ಯಾರೂ ಇಲ್ಲ. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಬಿದಿರಿನ ಏಣಿ ಒರಗಿಸುತ್ತಾರೆ. ಗಂಡಸು ಹತ್ತಿ ಕೊಯ್ಯುತ್ತಾನೆ, ಹೆಂಗಸು ಕೆಳಗೆ ಏಣಿ ಹಿಡಿಯುತ್ತಾಳೆ, ಉದುರಿದ ಕಾಳು ಆಯುತ್ತಾಳೆ. ಹತ್ತಿದವರಿಗೆ ಕೂಲಿ ಜಾಸ್ತಿ.

ಆಳುಗಳು ಸಾಲಾಗಿ ವಾಸಿಸುವ ನಮ್ಮ ಲೈನ್ ಮನೆಯ ಒಬ್ಬಾಕೆ ಹನ್ನೊಂದು ವರ್ಷ ಗಂಡನಿಗೆ ಏಣಿ ಹಿಡಿದಿದ್ದಳು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಾರೆ. ಕಳೆದ ವರ್ಷ ಗಂಡನ ಮೊಣಕಾಲು ಕೈಕೊಟ್ಟಿತು. ಡಾಕ್ಟರು ಏಣಿ ಹತ್ತಬೇಡ ಎಂದರು. ಅಕ್ಕ ಮರುದಿನವೇ, ಆಳುಗಳಿಗೆ ಕೆಲಸ ಹಂಚುವ ಮೇಸ್ತ್ರಿಯ ಮುಂದೆ ನಿಂತಳು.

"ಈ ಸಲ ನಾನು ಹತ್ತುತೀನಿ ಮೇಸ್ತ್ರಿಯಣ್ಣ. ಅವರು ಹಿಡ್ಕೊಳ್ಳಲಿ."

ಮೇಸ್ತ್ರಿ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು, "ಗಂಡಸು ಕೆಳಗೆ ನಿಂತು ಏಣಿ ಹಿಡಿಯೋದಾ?" ಎಂದರು. ಮೊಣಕಾಲಿನ ವಿಷಯ ಕೇಳಿದಾಗಲೂ ಅವರ ಮುಖ ಅಷ್ಟು ಕಳೆಗುಂದಿರಲಿಲ್ಲ.

೧. ಮರ್ಯಾದೆ

ಮೇಸ್ತ್ರಿ ಕೊಟ್ಟ ಮೊದಲ ಕಾರಣ ಸೀರೆ. ಸೀರೆ ಉಟ್ಟವರು ಏಣಿ ಹತ್ತಿದರೆ ಕೆಳಗಿರುವವರು ಎತ್ತ ನೋಡಬೇಕು?

ಮರುದಿನ ಅಕ್ಕ ಗಂಡನ ಪ್ಯಾಂಟು, ಗಂಡನ ಅಂಗಿ ಹಾಕಿಕೊಂಡು ಬಂದಳು. ಸೊಂಟಕ್ಕೆ ಹಗ್ಗ ಬಿಗಿದಿದ್ದಳು. ಮೇಸ್ತ್ರಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇದು ಇನ್ನೂ ಕೆಟ್ಟದ್ದು. ನಮ್ಮಲ್ಲಿ ಮಾನ ಮರ್ಯಾದೆ ಅಂತ ಒಂದು ಇದೆ ಮಾರಾಯ್ತಿ" ಎಂದು ಹೇಳಿ, ತಮ್ಮ ಲುಂಗಿಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ, ಏಣಿ ಹತ್ತಿ ಹೋದರು.

ಮೇಸ್ತ್ರಿ ಏಣಿಯ ಮೇಲಿದ್ದಾಗ ಕೆಳಗಿನ ಹೆಂಗಸರು ತಲೆ ಎತ್ತದೆ ನೆಲವನ್ನೇ ನೋಡುತ್ತ ಕಾಳು ಆಯುತ್ತಾರೆ. ಇಷ್ಟು ವರ್ಷ ನಾನು ಅದನ್ನು ಅವರ ಏಕಾಗ್ರತೆ ಎಂದುಕೊಂಡಿದ್ದೆ.

೨. ಶಕ್ತಿ

ಎರಡನೆಯ ಕಾರಣ ಶಕ್ತಿ. "ಏಣಿ ಅಂದ್ರೆ ಆಟ ಅಲ್ಲ. ಅದರ ಭಾರ ಎಷ್ಟಿದೆ ಗೊತ್ತಾ?" ಎಂದರು ಮೇಸ್ತ್ರಿ.

"ಗೊತ್ತು" ಎಂದಳು ಅಕ್ಕ.

ಆಗ ಏಣಿ ಅವಳ ಹೆಗಲ ಮೇಲೇ ಇತ್ತು. ಇನ್ನೊಂದು ತುದಿ ಅವಳ ನಾದಿನಿಯ ಹೆಗಲ ಮೇಲೆ. ಲೈನ್ ಮನೆಯಿಂದ ತೋಟದ ಮೇಲಿನ ಅಂಚಿನವರೆಗೆ ಏಣಿ ಹೊರುವುದು ನಮ್ಮಲ್ಲಿ ಮೊದಲಿನಿಂದಲೂ ಹೆಂಗಸರ ಕೆಲಸ. ಹತ್ತಲಿಕ್ಕೆ ಬೇಕಾದ ಗಂಡಸರ ಶಕ್ತಿ ಏಣಿ ಹೊರುವುದರಲ್ಲೇ ಖರ್ಚಾಗಬಾರದಲ್ಲ.

೩. ಸ್ಟೂಲು

ನಾನು ವಿಷಯವನ್ನು ಮಾಲೀಕರ ಬಳಿಗೆ ಒಯ್ದೆ. ನಮ್ಮ ಮಾಲೀಕರು ಮುಂದುವರಿದ ವಿಚಾರದವರು. ಮಹಿಳಾ ದಿನದಂದು ಮಡಿಕೇರಿಯಲ್ಲಿ "ಹೆಣ್ಣು ಎತ್ತರಕ್ಕೆ ಏರಬೇಕು" ಎಂದು ಭಾಷಣ ಮಾಡಿ ಹಾರ ಹಾಕಿಸಿಕೊಂಡು ಬಂದವರು.

"ನನ್ನದೇನೂ ಅಡ್ಡಿ ಇಲ್ಲ ರೈಟ್ರೇ. ಆದರೆ ಎತ್ತರ ಅಂದ್ರೆ ನಾನು ಇಷ್ಟೊಂದು ಎತ್ತರ ಹೇಳಿರಲಿಲ್ಲ" ಎಂದರು.

ಒಳಗಿಂದ ಅಮ್ಮಾವ್ರ ಧ್ವನಿ ಬಂತು. "ನಿನ್ನೆ ಹಜಾರದ ಬಲ್ಬ್ ಹಾಕೋಕೆ ಸ್ಟೂಲ್ ಹತ್ತಿದ್ದು ಯಾರು ಅಂತ ರೈಟ್ರಿಗೆ ಹೇಳ್ರೀ."

ಮಾಲೀಕರು ಎದ್ದು ಚಪ್ಪಲಿ ಹುಡುಕತೊಡಗಿದರು.

"ಕೆಳಗೆ ಸ್ಟೂಲ್ ಹಿಡ್ಕೊಂಡಿದ್ದು ಯಾರು ಅಂತಾನೂ ಹೇಳಿ."

ಮಾಲೀಕರು ನನ್ನನ್ನು ಗೇಟಿನವರೆಗೂ ಬಿಡಲು ಬಂದರು. ಹಿಂದೆ ಎಂದೂ ಬಂದವರಲ್ಲ. "ರೈಟ್ರೇ, ಇದು ಹೊರಗೆ ಹೋಗೋದು ಬೇಡ. ಏಣಿ ವಿಷಯ ಮೇಸ್ತ್ರಿಗೇ ಬಿಟ್ಟುಬಿಡಿ" ಎಂದು ನನ್ನ ಕೈ ಹಿಡಿದುಕೊಂಡರು. ಸ್ಟೂಲು ಹಿಡಿದು ಅಭ್ಯಾಸವಿದ್ದ ಕೈ, ಹಿಡಿತ ಗಟ್ಟಿಯಾಗಿತ್ತು.

೪. ಗೆರೆ

ಕೊನೆಗೆ ಅಕ್ಕ ನನ್ನ ಹತ್ತಿರವೇ ಬಂದಳು. ನಾನು ಹಾಜರಿ ಪುಸ್ತಕ ತೆರೆದು ತೋರಿಸಿದೆ. ಒಂದು ಪುಟ ಗಂಡಾಳು, ಒಂದು ಪುಟ ಹೆಣ್ಣಾಳು. ಗಂಡಾಳಿನ ಪುಟದಲ್ಲಿ ಮಾತ್ರ "ಏಣಿ" ಎಂಬ ಕಾಲಂ ಇದೆ.

"ನೋಡಮ್ಮ, ನಾನೇನೋ ಬರೀತಿದ್ದೆ. ಆದರೆ ನಿನ್ನ ಪುಟದಲ್ಲಿ ಆ ಕಾಲಂ ಇಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನ ನಾನು ಎಲ್ಲಿಂದ ತರಲಿ?"

"ಆ ಗೆರೆ ಎಳೆದವರು ಯಾರು ರೈಟ್ರೇ?"

ಪ್ರತಿ ವರ್ಷ ಜನವರಿಯಲ್ಲಿ ಗೆರೆ ಎಳೆಯುವವನು ನಾನೇ. ಸ್ಕೇಲು ಮೇಜಿನ ಮೇಲೇ ಇತ್ತು. ಅದರ ಮೇಲೆ ಮೆಲ್ಲಗೆ ಪೇಪರು ಮುಚ್ಚಿದೆ.

೫. ಆನೆ

ಮುಂದಿನ ವಾರ ಒಂದು ಬೆಳಿಗ್ಗೆ ಮೇಸ್ತ್ರಿ ಮರದ ಮೇಲಿದ್ದರು. ಆ ದಿನ ಅವರ ಏಣಿ ಹಿಡಿದಿದ್ದವಳು ಅಕ್ಕ. ನಾನು ಪಂಪ್‌ಸೆಟ್ ಮನೆಯ ಬಳಿ ಹಾಜರಿ ಬರೆಯುತ್ತಿದ್ದೆ. ಕಾಫಿ ಗಿಡಗಳ ಮಧ್ಯದಿಂದ ಒಂಟಿ ಆನೆಯೊಂದು, ತನ್ನದೇ ತೋಟ ಎಂಬಂತೆ, ನಡೆದು ಬಂತು.

ಗಂಡಾಳುಗಳೆಲ್ಲ ತಮ್ಮ ತಮ್ಮ ಏಣಿಗಳಿಂದ ಧುಮುಕಿ ಲೈನ್ ಮನೆ ದಾಟಿ ಟಾರು ರಸ್ತೆಯವರೆಗೆ ಓಡಿದರು. ಉಳಿದ ಹೆಂಗಸರು ಲೈನ್ ಮನೆ ಸೇರಿದರು, ಅಕ್ಕ ಅಲ್ಲೇ ಇದ್ದ ಚರಂಡಿಯಲ್ಲಿ ಮಲಗಿದಳು. ನಾನು ಪಂಪ್‌ಸೆಟ್ ಮನೆಯೊಳಗೆ ಸೇರಿ ಕಿಟಕಿಯಿಂದ ಮೇಲ್ವಿಚಾರಣೆ ಮಾಡಿದೆ. ಆನೆ ಮೇಸ್ತ್ರಿಯ ಏಣಿಯನ್ನು ಸೊಂಡಿಲಿನಿಂದ ಆಚೆ ಸರಿಸಿ, ದಾರಿ ಮಾಡಿಕೊಂಡು ಹೊರಟು ಹೋಯಿತು.

ಮೇಸ್ತ್ರಿ ಮರವನ್ನು ಎರಡು ಕೈ ಎರಡು ಕಾಲಿನಿಂದ ಅಪ್ಪಿಕೊಂಡು, ಕಣ್ಣು ಮುಚ್ಚಿ, ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಿದ್ದರು.

ಅಕ್ಕನೂ ನಾನೂ ಸೇರಿ ಏಣಿ ಎತ್ತಿ ಒರಗಿಸಿದೆವು. "ಇಳೀರಿ" ಎಂದರೆ ಮೇಸ್ತ್ರಿ ಕಣ್ಣೇ ಬಿಡಲಿಲ್ಲ. ಯಾರಾದರೂ ಹತ್ತಿ ಅವರ ಕಾಲನ್ನು ಮೆಟ್ಟಿಲ ಮೇಲೆ ಇಡಿಸಬೇಕಿತ್ತು. ಅಲ್ಲಿದ್ದ ಗಂಡಸು ನಾನೊಬ್ಬನೇ. ನನಗೆ ಎತ್ತರ ಎಂದರೆ ತಲೆ ತಿರುಗುತ್ತದೆ ಎಂಬುದನ್ನು ಮೊದಲೇ ಹೇಳಬೇಕಿತ್ತು.

"ರೈಟ್ರೇ, ಹಿಡ್ಕೊಳ್ಳಿ" ಎಂದಳು ಅಕ್ಕ. ಹಿಡಿದುಕೊಂಡೆ.

ಅವಳು ಅಳಿಲಿನಂತೆ ಮುಕ್ಕಾಲು ಏಣಿ ಹತ್ತಿ ನಿಂತುಬಿಟ್ಟಳು.

"ಮೇಸ್ತ್ರಿಯಣ್ಣ, ಹೆಂಗಸರು ಏಣಿ ಹತ್ತಬಹುದಾ?"

"ಅಯ್ಯೋ, ಈಗ ಕೇಳೋ ಮಾತಾ ಅದು!"

"ಬೇಡಾಂದ್ರೆ ಇಳಿದುಬಿಡ್ತೀನಿ. ಮಾನ ಮರ್ಯಾದೆ ಅಂತ ಒಂದು ಇದೆಯಲ್ಲ."

"ಹತ್ತಬಹುದು! ಹತ್ತಬಹುದು ತಾಯಿ!"

"ಜೋರಾಗಿ ಹೇಳಿ. ರೈಟ್ರಿಗೆ ಕೇಳಿಸಲಿ."

ರಸ್ತೆಯಲ್ಲಿ ನಿಂತಿದ್ದ ಗಂಡಾಳುಗಳಿಗೂ ಕೇಳಿಸಿತು.

ಮರುದಿನ ಬೆಳಿಗ್ಗೆ ಮೇಸ್ತ್ರಿ, ಎರಡು ಕಾಲೂ ನೆಲದ ಮೇಲಿದ್ದುದರಿಂದ, ಪೂರ್ತಿ ಚೇತರಿಸಿಕೊಂಡಿದ್ದರು. ಆಳುಗಳನ್ನೆಲ್ಲ ಸೇರಿಸಿ ಘೋಷಿಸಿದರು. "ಇನ್ಮೇಲೆ ಹೆಂಗಸರೂ ಏಣಿ ಹತ್ತಬಹುದು. ಹತ್ತೋದೇನು ಮಹಾ? ಯಾರು ಬೇಕಾದರೂ ಹತ್ತುತಾರೆ. ಕಷ್ಟ ಇರೋದು ಹಿಡಿಯೋದರಲ್ಲಿ. ಜೀವ ಕೈಯಲ್ಲಿ ಹಿಡಿದ ಹಾಗೆ. ಅದಕ್ಕೆ ಜವಾಬ್ದಾರಿ ಬೇಕು, ಗಟ್ಟಿ ಗುಂಡಿಗೆ ಬೇಕು. ಅದು ಗಂಡಸರ ಕೆಲಸ."

ಗಂಡಾಳುಗಳು ಹೌದೌದು ಎಂದರು. ಮೊಣಕಾಲು ನೋವಿನ ಗಂಡ ಎದೆ ಉಬ್ಬಿಸಿ ಏಣಿ ಹಿಡಿದ. ನಾನು ಸ್ಕೇಲು ತೆಗೆದು ಹೆಣ್ಣಾಳಿನ ಪುಟದಲ್ಲಿ "ಏಣಿ" ಎಂಬ ಕಾಲಂ ಎಳೆದೆ. ಗಂಡಾಳಿನ ಪುಟದಲ್ಲಿ "ಏಣಿ ಹಿಡಿಯುವುದು" ಎಂದು ಇನ್ನೊಂದನ್ನು ಎಳೆಯುತ್ತಿದ್ದಾಗ ಮರದ ತುದಿಯಿಂದ ಅಕ್ಕನ ಧ್ವನಿ ಕೇಳಿಸಿತು.

"ಹಾಗಾದ್ರೆ ರೈಟ್ರೇ, ಹನ್ನೊಂದು ವರ್ಷ ನಮ್ಮನೇಲಿ ಗಂಡಸಾಗಿದ್ದವಳು ನಾನೇ ಅಂತ ಪುಸ್ತಕದಲ್ಲಿ ಬರ್ಕೊಳ್ಳಿ!"

ಏನಾದರೂ ಹೇಳಿಯಾರೆಂದು ನಾನು ಮೇಸ್ತ್ರಿಯ ಕಡೆ ನೋಡಿದೆ. ಅವರು ತಲೆ ಎತ್ತದೆ, ನೆಲವನ್ನೇ ನೋಡುತ್ತ, ಬಹಳ ಏಕಾಗ್ರತೆಯಿಂದ ಉದುರಿದ ಕಾಳು ಆಯುತ್ತಿದ್ದರು.