ಕುರುಬರಹಳ್ಳಿಗೆ ಬಂದಿಳಿದ ಡಾಕ್ಟರ್ ಗಂಧಕ

ಮುಖವಾಡದ ಬಣ್ಣ ಒಣಗಲೆಂದು ಕೊಟ್ರೇಶ್ ಅದನ್ನು ತಾರಸಿಯ ಬಿಸಿಲಿಗಿಟ್ಟು ಸ್ನಾನಕ್ಕೆ ಹೋದದ್ದೇ ತಪ್ಪಾಯಿತು.

ಅದು ಡಾಕ್ಟರ್ ಗಂಧಕನ ಮುಖ. ಎಂಬತ್ತು ವರ್ಷ ಹಿಂದಿನ ಯಾವುದೋ ಅಂತರಿಕ್ಷ ಕಾಮಿಕ್ಸ್‌ನ ಖಳನಾಯಕ. ಶನಿಗ್ರಹದಿಂದ ಇಳಿದು ಬಂದು, ಭೂಮಿಗೆಲ್ಲ ಹಳದಿ ಹೊಗೆ ಹಾಕುತ್ತೇನೆಂದು ಅಜ್ಜಿ ಕತೆಯ ರಕ್ಕಸನಂತೆ ಅಬ್ಬರಿಸಿ, ಮೂರನೆಯ ಪುಟಕ್ಕೇ ಧೂಮಕೇತುವಿನ ಬಾಲಕ್ಕೆ ಸಿಕ್ಕಿ ಸತ್ತವನು. ಲೋಕವೇ ಅವನನ್ನು ಮರೆತಿತ್ತು, ಕೊಟ್ರೇಶ್ ಮರೆತಿರಲಿಲ್ಲ. ಹಸಿರು ಮೋರೆ, ಮೂರು ಕಣ್ಣು, ಗರಗಸದಂಥ ಹಲ್ಲು. ಹದಿನೈದು ದಿನ ಕಾಗದ ನೆನೆಸಿ, ಅರೆದು, ಮೆತ್ತಿ ಮಾಡಿದ್ದ. ಅವತ್ತು ಮಧ್ಯಾಹ್ನ ವಿಜಯನಗರದಲ್ಲಿ ಕಾಮಿಕ್ಸ್ ವೇಷಸ್ಪರ್ಧೆ. ಗೆದ್ದವರಿಗೆ ತೀರ್ಪುಗಾರ ರಾಜೇಂದ್ರರ ಸ್ಟುಡಿಯೋದಲ್ಲಿ ಕೆಲಸ. ವಿಮಾ ಕಚೇರಿಯ ಕುರ್ಚಿಯಿಂದ ಪಾರಾಗಲು ಕೊಟ್ರೇಶನಿಗಿದ್ದ ದಾರಿ ಅದೊಂದೇ. ಗೆಲ್ಲುವುದರ ಬಗ್ಗೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಸ್ನಾನ ಮುಗಿಸಿ ಬಂದರೆ ಮುಖವಾಡವಿಲ್ಲ. ಅವನ ಬಾಡಿಗೆಮನೆಯ ಓನರ್ ನೀಲಮ್ಮ ಪಕ್ಕದಲ್ಲೇ ಕಟ್ಟಿಸುತ್ತಿದ್ದ ಹೊಸ ಮನೆಯ ನೆತ್ತಿಯಲ್ಲಿ, ಬೂದುಗುಂಬಳಕಾಯಿಯ ಪಕ್ಕ ತೂಗಾಡುತ್ತ, ಡಾಕ್ಟರ್ ಗಂಧಕ ಇಡೀ ಕುರುಬರಹಳ್ಳಿಯನ್ನು ನುಂಗುವಂತೆ ನೋಡುತ್ತಿದ್ದ. ಓನರಮ್ಮ ತರಿಸಿಟ್ಟ ದೃಷ್ಟಿಬೊಂಬೆ ಇದೇ ಇರಬೇಕೆಂದು ಮೇಸ್ತ್ರಿ ಕಲ್ಮೇಶ್ ಕುಂಕುಮ ಹಚ್ಚಿ ಕಟ್ಟಿಬಿಟ್ಟಿದ್ದ.

"ಒಮ್ಮೆ ಕಟ್ಟಿದ್ ಮ್ಯಾಲೆ ಬಿಚ್ಚಂಗಿಲ್ರೀ ಸರ," ಎಂದ ಕಲ್ಮೇಶ್. "ಗೃಹಪ್ರವೇಶದ ತನಕ ಅಂವ ಅಲ್ಲೇ ಇರಬೇಕು."

ಕೊಟ್ರೇಶ್ ನೀಲಮ್ಮನ ಬಳಿ ಓಡಿದ. "ಆಂಟಿ, ಅದು ನಂದು. ದೃಷ್ಟಿಬೊಂಬೆ ಅಲ್ಲ, ವಿಜ್ಞಾನಿ."

"ಯಾರಾದ್ರೇನಪ್ಪಾ, ಕೆಲ್ಸ ಮಾಡ್ತಿದಾನಲ್ಲ. ಅವನನ್ನ ಕಟ್ಟಿದ್ಮೇಲೆ ಎದುರುಮನೆ ಶೈಲಾ ಈ ಕಡೆ ತಲೆಯೆತ್ತಿಲ್ಲ. ನಾಲ್ಕು ತಿಂಗಳಲ್ಲಿ ಇದೇ ಮೊದಲು."

ಅಷ್ಟರಲ್ಲಿ ಬೀದಿಗೆ ಬೀದಿಯೇ ಸೇರಿತು. ಬಿಚ್ಚಿದರೆ ಮನೆಗೆ ಕೆಟ್ಟದ್ದೆಂದು ಒಬ್ಬರು, ಬಿಚ್ಚಿದವನಿಗೇ ಕೆಟ್ಟದ್ದೆಂದು ಇನ್ನೊಬ್ಬರು. ಶೈಲಾ ಮಾತ್ರ ಮೆಲ್ಲಗೆ ಅವನನ್ನು ಪಕ್ಕಕ್ಕೆ ಕರೆದು, ತನಗೂ ಅಂಥದ್ದೇ ಒಂದು ಬೇಕು, ನಾಲ್ಕು ಕಣ್ಣಿರಲಿ ಎಂದಳು. ಅವನು ಏಣಿಗೆ ಕೈಹಾಕಿದಾಗ ಅದರ ಕೆಳಗಿನ ಮೆಟ್ಟಿಲ ಮೇಲೆ ನೀಲಮ್ಮ ಮುದ್ದೆಯಂತೆ ಕೂತಾಗಿತ್ತು.

ಕೊಟ್ರೇಶ್ ಎದೆಗುಂದಲಿಲ್ಲ. ಗಂಧಕನನ್ನು ಬಲ್ಲವರು ಈ ಊರಲ್ಲಿ ಯಾರಿದ್ದಾರೆ? ದಾರಿಯಲ್ಲಿ ಒಂದು ಅಂಗಡಿಯಿಂದ ಮಾಮೂಲಿ ದೃಷ್ಟಿಬೊಂಬೆಯ ಮುಖ ಕೊಂಡು, ಅದನ್ನೇ ಹಾಕಿಕೊಂಡು ವೇದಿಕೆ ಹತ್ತಿದ. ಇವನೇ ಡಾಕ್ಟರ್ ಗಂಧಕ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ಗುಡುಗಿದ. ಚಪ್ಪಾಳೆ ಬಿತ್ತು.

ರಾಜೇಂದ್ರ ಮಾತ್ರ ಕನ್ನಡಕ ತೆಗೆದು ಒರೆಸಿದರು. "ಗಂಧಕಂಗೆ ಮೀಸೆ ಯಾವಾಗ ಬಂತಪ್ಪಾ? ನಾನು ಚಿಕ್ಕಂದಿನಿಂದ ಅವನ ಅಭಿಮಾನಿ." ಮೊಬೈಲ್ ಮುಂದೆ ಹಿಡಿದರು. "ನೋಡು, ಗಂಧಕ ಅಂದ್ರೆ ಇವನು. ಬರ್ತಾ ಕುರುಬರಹಳ್ಳೀಲಿ ಕಂಡು ಗಾಡಿ ನಿಲ್ಸಿದೆ. ಇದು ಯಾರ ಕೆಲಸ ಅಂದ್ರೆ, ಓನರಮ್ಮ ನಮ್ಮ ಮೇಸ್ತ್ರೀನೇ ಅಂದ್ರು."

ಕೊಟ್ರೇಶ್ ಮುಖವಾಡ ಕಳಚಿದ. "ಸಾರ್, ಅದನ್ನ ಮಾಡಿದ್ದು ನಾನು."

ರಾಜೇಂದ್ರ ಅವನ ಕೈಲಿದ್ದ ಮುಖವಾಡದ ಗಲ್ಲದ ಮೇಲಿನ ಬೆಲೆಚೀಟಿಯನ್ನೊಮ್ಮೆ ನೋಡಿದರು, ಅವನನ್ನೊಮ್ಮೆ ನೋಡಿದರು.

"ಪಾಪ, ಆ ಮೇಸ್ತ್ರಿ ಮೊದಲು ತಲೆ ಕೆರ್ಕೊಂಡು ಸುಮ್ನೆ ನಿಂತಿದ್ರು. ಕೆಲಸ ಕೊಡ್ತೀನಿ ಅಂದ್ಮೇಲೆ ಹೌದ್ರೀ ಅಂತ ಒಪ್ಕೊಂಡ್ರು. ಎಂಥ ವಿನಯ! ಸೋಮವಾರದಿಂದ ಬರ್ತಾರೆ." ಬೆನ್ನು ತಟ್ಟಿದರು. "ನಿಂಗೆ ನಿಜವಾಗ್ಲೂ ಕಲೀಬೇಕು ಅಂತಿದ್ರೆ ಹೋಗಿ ಅವ್ರನ್ನ ಕೇಳು. ಒಳ್ಳೇ ಮನುಷ್ಯ, ಇಲ್ಲ ಅನ್ನಲ್ಲ."